ಮೈಲಮ್ಮ ಮುಚ್ಚಿಟ್ಟ ಪುಡಿ

ಹರಿಹರದ ಹುಡುಗಿ ಆಶಾ ನರ್ಸಿಂಗ್ ಓದಿನ ಮೂರನೇ ವರ್ಷದಲ್ಲಿದ್ದಳು. ದಾವಣಗೆರೆಯ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ಅವಳಿಗೆ ಡ್ಯೂಟಿ. ಕೆಲಸವೂ ಚುರುಕು, ಬಾಯಿಯೂ ಚುರುಕು. ಬಾತಿ ಹಳ್ಳಿಯಿಂದ ಬಂದಿದ್ದ ರಂಗವ್ವ ಊದಿದ ಮೊಣಕಾಲಿಗೆ ಅರೆದ ಸೊಪ್ಪು ಕಟ್ಟಿಕೊಂಡಿದ್ದಳು. ಆಶಾ ಅದನ್ನು ಬಿಚ್ಚುತ್ತ, "ಸೊಪ್ಪಿಗೇ ವಾಸಿ ಆಗೋದಾದ್ರೆ ಇಲ್ಲಿಗ್ಯಾಕ ಬಂದ್ರಿ? ಹಿತ್ತಲಾಗೇ ಮಲಗಬೇಕಿತ್ತು" ಎಂದು ವಾರ್ಡಿಗೆಲ್ಲ ಕೇಳುವಂತೆ ಅಂದಳು. ಜೊತೆಯ ಹುಡುಗಿಯರು ಕಿಸಕ್ಕನೆ ನಕ್ಕರು. ರಂಗವ್ವ ಸೀರೆಯನ್ನು ಕಾಲ ಮೇಲೆ ಎಳೆದುಕೊಂಡಳು.

ತಲೆನೋವಿಗೆಂದು ತಂದ ಹೋಮಿಯೋಪತಿ ಗುಳಿಗೆಯ ಸೀಸೆ ಆಶಾಳ ಹಾಸ್ಟೆಲ್ ಪೆಟ್ಟಿಗೆಯಲ್ಲೂ ಇತ್ತು. ಅದನ್ನವಳು ಯಾರಿಗೂ ತೋರಿಸಿರಲಿಲ್ಲ.

ವಾರ್ಡಿನಲ್ಲಿ ರಂಗವ್ವನ ಪಕ್ಕದ ಮಂಚದಲ್ಲಿ ಭಾನುವಳ್ಳಿಯ ಮೈಲಮ್ಮ. ಸಕ್ಕರೆ ಕಾಯಿಲೆ, ಪಾದದಲ್ಲಿ ಮಾಯದ ಹುಣ್ಣು. ಮರುದಿನ ಬೆಳಿಗ್ಗೆ ಆಶಾ ಹೋಗಿ ನೋಡಿದರೆ ಮೈಲಮ್ಮ ಮೈಯೆಲ್ಲ ಬೆವೆತು, ಕರೆದರೂ ಕಣ್ಣು ಬಿಡದೆ ಬಿದ್ದಿದ್ದಳು. ರಕ್ತದ ಸಕ್ಕರೆ ತೀರಾ ಇಳಿದುಹೋಗಿತ್ತು. ಗ್ಲೂಕೋಸ್ ಏರಿಸಿದ ಮೇಲೆ ಎಚ್ಚರವಾಯಿತು.

"ಇನ್ಸುಲಿನ್ ಬಿಟ್ಟು ಬೇರೆ ಏನಾದ್ರೂ ತಗೊಂಡ್ರಾ?" ಡಾಕ್ಟರು ಕೇಳಿದರು.

ಮೈಲಮ್ಮ ಆಶಾಳ ಕಡೆ ಒಮ್ಮೆ ನೋಡಿ, "ಇಲ್ರಿ" ಎಂದಳು.

ಡಾಕ್ಟರು ಹೋದ ಮೇಲೆ ಆಶಾ ಬಗ್ಗಿ, "ನನ್ಹತ್ರ ಹೇಳ್ರಿ ಅಜ್ಜಿ" ಎಂದಳು.

"ಏನಿಲ್ಲ ಬಿಡವ್ವ."

ಆಮೇಲೆ ಸಹಪಾಠಿ ಶಾಹಿಸ್ತಾ ಬಂದು, ಮಂಚದ ತುದಿಯಲ್ಲಿ ಕೂತು ಮೈಲಮ್ಮನ ಕೈ ಹಿಡಿದುಕೊಂಡಳು. ಪರದೆಯ ಈಚೆ ನಿಂತಿದ್ದ ಆಶಾಗೆ ಎಲ್ಲ ಕೇಳಿಸಿತು.

"ಸಕ್ಕರಿ ಇಳಿಯಾಕಂತ ನಾಟಿ ಔಷಧಿ ಪುಡಿ ಐತವ್ವ. ಸೂಜಿ ಜೊತಿಗೆ ಅದನ್ನೂ ನುಂಗ್ತಿದ್ದೆ. ಹೇಳಾನ ಅಂತಾನೇ ಇದ್ದೆ. ಆ ಹುಡುಗಿ ರಂಗವ್ವನ್ನ ಆಡ್ಕೊಂಡಿದ್ದು ನೋಡಿ ಬಾಯೇ ಬರ್ಲಿಲ್ಲ. ಆಕಿಗೆ ಹೇಳಬ್ಯಾಡ."

ಆಶಾಳ ಮುಖ ಕಾದುಹೋಯಿತು. ಜೀವ ಹೋಗಿದ್ದರೆ ಎನ್ನುವುದನ್ನು ನೆನೆಯಲೂ ಧೈರ್ಯ ಸಾಲಲಿಲ್ಲ. ನೇರ ಟ್ಯೂಟರ್ ಪುಷ್ಪಲತಾ ಅವರ ಬಳಿ ಹೋಗಿ ಪುಡಿಯ ವಿಷಯ ತಿಳಿಸಿದಳು. ಆಮೇಲೆ, "ನನ್ನ ಬಾಯಿಗೆ ಹೆದರಿ ಅವರು ಮುಚ್ಚಿಟ್ಟಿದ್ರು ಮೇಡಂ" ಎಂದಳು. ಪುಷ್ಪಲತಾ ಬೈಯಲಿಲ್ಲ. ಕೂಡಲೇ ಡಾಕ್ಟರಿಗೆ ಫೋನ್ ಹಚ್ಚಿದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಆಶಾಗೆ.

ಮಧ್ಯಾಹ್ನ ಅವಳು ರಂಗವ್ವನ ಮಂಚದ ಹತ್ತಿರ ಹೋದಳು. "ನಿನ್ನೆ ಹಂಗೆ ಅಂದಿದ್ದು ತಪ್ಪಾಯ್ತು ಅಜ್ಜಿ."

ರಂಗವ್ವನೇ ಗಾಬರಿಯಾದಳು. "ಅಯ್ಯ, ನಿಂದೇನ್ ತಪ್ಪವ್ವ? ನಾವು ಹಳ್ಳ್ಯಾಗಿನ ದಡ್ಡರು. ಇನ್ಮ್ಯಾಲೆ ಸೊಪ್ಪು ಕಟ್ಟಂಗಿಲ್ಲ ಬಿಡು."

ಆಶಾ ಕಣ್ಣೆತ್ತಿ ನೋಡಲಾಗದೆ, ಆ ಊದಿದ ಮೊಣಕಾಲಿನ ಕೆಳಗೆ ದಿಂಬು ಸರಿಪಡಿಸುತ್ತ ನಿಂತಳು.