ಸೆರಗಿನಲ್ಲಿ ನೇಯ್ದಿಟ್ಟ ಪಾಸ್‌ವರ್ಡ್

ಹೊಸ ಫೋನಿನಲ್ಲಿ ಪಾಸ್‌ವರ್ಡ್ ಆ್ಯಪು ಇಂಚರಳ ಬೆರಳಚ್ಚು ಒಪ್ಪಲಿಲ್ಲ. ಮೂಲ ಪಾಸ್‌ವರ್ಡೇ ಬೇಕೆಂದಿತು. ಕೊಳ್ಳೇಗಾಲದ ಅವರ ಮಗ್ಗದ ಮನೆಯ ಎಲ್ಲ ಪಾಸ್‌ವರ್ಡುಗಳೂ ಆ ಒಂದೇ ಆ್ಯಪಿನಲ್ಲಿದ್ದವು. ಅದರ ಬೀಗದ ಕೈ ಮರೆತರೆ ಮತ್ತೆ ಮಾಡಿಕೊಡುವವರಿಲ್ಲ. ಮೈಸೂರಿನ ಮೇಳದಲ್ಲಿ ಮಳಿಗೆ ಬೇಕಿದ್ದರೆ ಅದರಲ್ಲಿನ ಪಾಸ್‌ವರ್ಡ್ ಬಳಸಿ ಸಂಜೆ ಐದರೊಳಗೆ ಅರ್ಜಿ ಹಾಕಬೇಕು. ಈಗ ನಾಲ್ಕು ಗಂಟೆ.

ಎಂಟು ತಿಂಗಳ ಹಿಂದೆ, ಅಷ್ಟುದ್ದದ ಪಾಸ್‌ವರ್ಡನ್ನು ಎಲ್ಲಿ ಬರೆದಿಡುವುದೆಂದು ಅವಳು ಯೋಚಿಸುತ್ತಿದ್ದಾಗ ಅಪ್ಪ ಗುರುಸ್ವಾಮಿ, "ಬರೀಬ್ಯಾಡ ಕಣವ್ವ, ನೇಯ್ದುಬುಡಾನ," ಎಂದಿದ್ದ. ಸೆರಗಿಗೆ ಅಡ್ಡಲಾಗಿ ಐದು ಬಗೆಯ ಬುಟ್ಟಾ ಚಿತ್ತಾರ, ಒಂದೊಂದಕ್ಕೂ ಒಂದೊಂದು ಎಣಿಕೆ; ಹೆಸರೂ ಎಣಿಕೆಯೂ ಸಾಲಾಗಿ ಸೇರಿದರೆ ಪಾಸ್‌ವರ್ಡ್. ಮಗ್ಗದಲ್ಲಿ ಕೂತು ಅಪ್ಪ ಎಡದಿಂದ ಓದಿ ಹೇಳಿದ್ದ. ಅವಳು ಹಾಗೇ ಒತ್ತಿದ್ದಳು. ಅವಳಿಲ್ಲದ ದಿನ ಯಾರೋ ಕೇಳಿದರೆಂದು ಅಪ್ಪ ಆ ಸೀರೆಯನ್ನೇ ಮಾರಿಬಿಟ್ಟಿದ್ದ. ಹಳೆ ಫೋನಿನಲ್ಲಿ ಬೆರಳಿಟ್ಟರೆ ತೆರೆಯುತ್ತಿದ್ದ ಕಾಲ, ಅವಳೂ ತಲೆಕೆಡಿಸಿಕೊಂಡಿರಲಿಲ್ಲ.

ಸೀರೆ ಕೊಂಡವರು ಯಳಂದೂರಿನಾಚೆ ಅಗರದ ಶಿವರತ್ನಮ್ಮ. ಅಪ್ಪನನ್ನು ಹಿಂದೆ ಕೂರಿಸಿಕೊಂಡು ಇಂಚರ ಸ್ಕೂಟರನ್ನು ಓಡಿಸಿದ ಪರಿಗೆ ಅಪ್ಪ ದಾರಿಯುದ್ದಕ್ಕೂ ಮಾದಪ್ಪನನ್ನು ನೆನೆದ. ಅಲ್ಲಿ ಅವರ ಮೊಮ್ಮಗುವಿನ ನಾಮಕರಣ. ಶಿವರತ್ನಮ್ಮ ಅದೇ ಸೀರೆಯುಟ್ಟು ಕೊನೆಯ ಪಂಕ್ತಿಯ ಎಲೆಗಳಿಗೆ ಪಾಯಸ ಬಡಿಸುತ್ತಿದ್ದರು. ವಿಷಯ ಕೇಳಿ, ಸೌಟು ಹಿಡಿದೇ ನಿಂತರು.

"ಅಂಗಾರೆ ಇಷ್ಟ್ ದಿನ ನಿಮ್ಮನೆ ಬೀಗದ್ ಕೈ ಉಟ್ಕಂಡು ತಿರುಗ್ತಿದ್ನಾ ನಾನು?"

ಪಂಕ್ತಿಯೇ ನಕ್ಕಿತು. ಇಂಚರ ಮಂಡಿಯೂರಿ ಸೆರಗು ಹರಡಿ ಎಣಿಸಿದಳು. ಹಂಸದಿಂದ ಶುರು, ಮಾವಿನಕಾಯಿಗೆ ಕೊನೆ. ಒತ್ತಿದಳು, ತಪ್ಪು. ಇನ್ನೊಮ್ಮೆ ಬೆರಳಿಟ್ಟು ಎಣಿಸಿದಳು, ಮತ್ತೂ ತಪ್ಪು. ಮೂರನೆಯದೂ ತಪ್ಪಿದರೆ ನಾಳೆಯವರೆಗೆ ತೆರೆಯುವುದಿಲ್ಲವೆಂದು ಫೋನು ತಿಳಿಸಿತು. ನಾಲ್ಕೂಮುಕ್ಕಾಲು. ನಗುತ್ತಿದ್ದವರೆಲ್ಲ ಕತ್ತು ಚಾಚಿ ನೋಡಿದರು.

ಹೆಂಗಸಿನ ಸೆರಗು ನೋಡಲು ನಾಚಿ ಅಪ್ಪ ಕಂಬದ ಹಿಂದೆ ನಿಂತಿದ್ದ. ಎಲ್ಲಿಂದ ಶುರು ಮಾಡಿದೆಯೆಂದು ಅಲ್ಲಿಂದಲೇ ಕೇಳಿದ. ಹಂಸ ಎಂದಳು.

"ಮಗ್ಗದಾಗೆ ನಮ್ಗೆ ಕಾಣೋದು ಇಂದ್ಗಡೆ ಕಣವ್ವ. ಮುಂದ್ಗಡೆ ಉಟ್ಕಳೋರಿಗೆ."

ಅವಳು ಸೆರಗು ಮಗುಚಿದಳು. ಈಗ ಎಡಗಡೆ ಮಾವಿನಕಾಯಿ. ಒಂದೊಂದೇ ಅಕ್ಷರ ಒತ್ತುತ್ತ ಹೋದಳು. ತೆರೆಯಿತು.

ಐದಕ್ಕೆ ನಾಲ್ಕು ನಿಮಿಷವಿದ್ದಾಗ ಅರ್ಜಿ ಹೋಯಿತು. ಊಟಕ್ಕೆ ಕೂತವರು ತಮ್ಮ ಮನೆಯದೇ ಕೆಲಸವಾದಂತೆ ಕೇಕೆ ಹಾಕಿದರು. ಇಷ್ಟು ಜನರೆದುರು ಬಯಲಾದ ಪಾಸ್‌ವರ್ಡನ್ನು ಇವತ್ತೇ ಬದಲಿಸಬೇಕೆಂದು ಇಂಚರ ಅಪ್ಪನಿಗೆ ಪಿಸುಗುಟ್ಟಿದಳು.

ಅಪ್ಪ ಆಗಲೇ ಬೆರಳು ಮಡಿಸುತ್ತ ಹೊಸ ಬುಟ್ಟಾ ಎಣಿಸುತ್ತಿದ್ದ. ಈ ಸಲ ನೇಯುವುದು ಅವ್ವನಿಗೆ, ಮಾರಲು ಅಲ್ಲ ಎಂದು ಆಣೆ ಮಾಡಿಸಿಕೊಂಡ ಮೇಲೇ ಅವಳು ಪಾಯಸಕ್ಕೆ ಕೂತದ್ದು.