ಕೈಗವಸಿನಲ್ಲಿ ಉಳಿದ ಚೀಟಿ

ಮಧ್ಯಾಹ್ನ ಎರಡೂವರೆ ಹೊತ್ತಿಗೆ ಆರ್ಲೀನ್ ವೋಲ್ಸ್ಕಿ ಪಾರ್ಸೆಲ್ ಟ್ರಕ್ಕಿನ ಮಡಚು ಸೀಟಿನಲ್ಲಿ ಕುಳಿತು ಎಡಗೈ ಕವಸು ಕಳಚಿದಳು. ಅಂಗೈಗೆ ಅಂಟಿಕೊಂಡಿದ್ದ ಹಳದಿ ಚೀಟಿಯೊಂದು ಮಡಿಲಿಗೆ ಬಿತ್ತು. ಅದರ ಮೇಲೆ ಅವಳದೇ ದುಂಡು ಅಕ್ಷರ: 'ನಿಮ್ಮ ಪಾರ್ಸೆಲ್ ಹಿತ್ತಲಲ್ಲಿ, ಗ್ರಿಲ್ ಒಲೆಯೊಳಗಿದೆ.'

ಆ ಚೀಟಿ ಸ್ವೊಬೊಡ ಅವರ ಮುಂಬಾಗಿಲಿನ ಮೇಲಿರಬೇಕಿತ್ತು.

ನಡೆದದ್ದೆಲ್ಲ ಕಣ್ಣಿಗೆ ಕಟ್ಟಿತು. ಎರಡು ಗಂಟೆ ಹಿಂದೆ ಅವರ ಮನೆಯಲ್ಲಿ ಯಾರೂ ಬಾಗಿಲು ತೆರೆದಿರಲಿಲ್ಲ. ಆ ಬೀದಿಯಲ್ಲಿ ಅದೇ ವಾರ ಜಗಲಿಯ ಮೇಲಿಟ್ಟ ಎರಡು ಪೆಟ್ಟಿಗೆ ಕಳುವಾಗಿದ್ದವು. ಒದ್ದೆ ಹಿಮ ಬೇರೆ ಉದುರುತ್ತಿತ್ತು. ಕಂದು ಕಾಗದ ಸುತ್ತಿದ ಚಿಕ್ಕ ಪೆಟ್ಟಿಗೆ, ಮೇಲೆ ನೀಲಿ ಶಾಯಿಯಲ್ಲಿ ನಡುಗುವ ಕೈಯ ವಿಳಾಸ. 'ಗಾಜು, ಮೆಲ್ಲಗೆ' ಎಂಬ ಮಾತಿಗೆ ಯಾರೋ ಎರಡು ಸಲ ಅಡಿಗೆರೆ ಹಾಕಿದ್ದರು. ಅದನ್ನು ಬಯಲಲ್ಲಿಡಲು ಅವಳಿಗೆ ಮನಸ್ಸಾಗಲಿಲ್ಲ. ಗಾಳಿಗೆ ಹಾರದಿರಲೆಂದು ಚೀಟಿಯನ್ನು ಕವಸಿಗೆ ತುರುಕಿ, ಹಿತ್ತಲಿಗೆ ಹೋಗಿ ಗ್ರಿಲ್‌ನ ಮುಚ್ಚಳ ಎತ್ತಿ ಪೆಟ್ಟಿಗೆಯನ್ನು ಒಳಗಿಟ್ಟಳು. ಅಷ್ಟರಲ್ಲಿ ಟ್ರಕ್ ಓಡಿಸುವ ರಾಲಿ ಹಾರನ್ ಬಾರಿಸಿದ್ದ. ಅವಳು ಓಡಿ ಬಂದುಬಿಟ್ಟಿದ್ದಳು.

ಮೊದಲ ದಿನವೇ ರಾಲಿ ಹೇಳಿದ್ದ, ಎಲ್ಲಿ ಬೇಕಾದರೂ ಬಚ್ಚಿಡಿ, ಕಸದ ಡಬ್ಬಿ ಮತ್ತು ಗ್ರಿಲ್ ಮಾತ್ರ ಬೇಡ ಎಂದು. ಹಿಮ ಬೀಳುವಾಗ ಗ್ರಿಲ್ ಹೊತ್ತಿಸುವವರು ಯಾರಪ್ಪ ಎಂದು ಅವಳು ನಕ್ಕಿದ್ದಳು. ಅರವತ್ತಮೂರು ವರ್ಷ ಈ ಮ್ಯಾನಿಟವಾಕ್ ಊರಿನಲ್ಲೇ ಬದುಕಿದವಳು ಹಾಗೆ ನಗಬಾರದಿತ್ತು. ಇವತ್ತು ಶನಿವಾರ. ಮೂರೂವರೆಗೆ ಟಿವಿಯಲ್ಲಿ ಫುಟ್‌ಬಾಲ್ ಪಂದ್ಯ. ಪಂದ್ಯದ ದಿನ ಈ ಊರಿನವರು ಮೊಣಕಾಲುದ್ದ ಹಿಮದಲ್ಲಿ ನಿಂತಾದರೂ ಸಾಸೇಜ್ ಸುಡುತ್ತಾರೆ. ಅರ್ಧಕ್ಕರ್ಧ ಜನ ಮುಚ್ಚಳ ತೆಗೆದೂ ನೋಡುವುದಿಲ್ಲ. ಗ್ಯಾಸಿನ ಗುಂಡಿ ತಿರುಗಿಸಿ, ಒಲೆ ಕಾಯಲಿ ಎಂದು ಒಳಗೆ ಹೋಗುತ್ತಾರೆ.

ಮುಂದಿನ ಆರು ಮನೆಗಳಲ್ಲಿ ಅವಳು ಏನು ಕೊಟ್ಟಳೋ ಅವಳಿಗೇ ತಿಳಿಯಲಿಲ್ಲ. ಒಂದು ಜಗಲಿಯಲ್ಲಿ ಪಾರ್ಸೆಲ್ ತರುವವರಿಗಾಗಿ ಬಿಸ್ಕತ್ತಿನ ಬುಟ್ಟಿ ಇಟ್ಟಿದ್ದರು. 'ಕಾಲು ನೋಯುತ್ತಿದ್ದರೆ ಕೂತು ತಿನ್ನಿ' ಎಂದು ಬರೆದು ಪಕ್ಕದಲ್ಲೊಂದು ಕುರ್ಚಿಯನ್ನೂ ಹಾಕಿದ್ದರು. ಬೇರೆ ದಿನವಾಗಿದ್ದರೆ ಅವಳಿಗೆ ಕಣ್ಣು ತುಂಬಿ ಬರುತ್ತಿತ್ತು. ಇವತ್ತು ಪಕ್ಕದ ಹಿತ್ತಲಿನಿಂದ ಸುಟ್ಟ ಕೊಬ್ಬಿನ ವಾಸನೆ ಬಂತು, ಅವಳು ಬುಟ್ಟಿ ಮುಟ್ಟದೆ ಇಳಿದು ಬಂದಳು.

ರಾಲಿಗೆ ಹೇಳಲು ಬಾಯಿ ಬರಲಿಲ್ಲ. ಈ ವಯಸ್ಸಿನ ಹೆಂಗಸು ಡಿಸೆಂಬರಿನ ಕ್ರಿಸ್‌ಮಸ್ ಪಾರ್ಸೆಲ್‌ಗಳ ಓಡಾಟ ತಡೆಯುತ್ತಾಳೆಯೇ ಎಂದು ಆಫೀಸಿನವರು ಅನುಮಾನಿಸಿದಾಗ, ನನ್ನ ಜೊತೆ ಕಳಿಸಿ ಎಂದವನು ರಾಲಿ. ಮೂವತ್ತು ವರ್ಷದ ಹಿಂದೆ ಶಾಲೆಯ ಅಡುಗೆಮನೆಯಲ್ಲಿ ಊಟ ಬಡಿಸುತ್ತಿದ್ದ ಅವಳ ಕೈಯಿಂದ ತಟ್ಟೆ ಇಸಿದುಕೊಳ್ಳುತ್ತಿದ್ದ ಹುಡುಗ ಅವನು. ಈಗಲೂ ಅವಳನ್ನು ಹೆಸರು ಹಿಡಿದು ಕರೆಯುವುದಿಲ್ಲ.

"ಏನ್ ಮಿಸೆಸ್ ವೋಲ್ಸ್ಕಿ, ಮಾತೇ ಇಲ್ಲ? ನಾನು ತಟ್ಟೇಲಿ ಬಟಾಣಿ ಬಿಟ್ಟಾಗ ನೋಡ್ತಿದ್ರಲ್ಲ, ಹಂಗೆ ಮುಖ ಮಾಡಿದೀರಿ."

ಅವಳು ಚೀಟಿಯನ್ನು ಸ್ಟೀರಿಂಗ್ ಮೇಲಿಟ್ಟಳು.

ಅವನು ಓದಿದ. ಟ್ರಕ್ಕಿನಲ್ಲಿ ಹಂಚಬೇಕಾದ ಇನ್ನೂ ಅರವತ್ತು ಪಾರ್ಸೆಲ್ ಇದ್ದವು. ಅವನು ಚರ್ಚಿನ ಮೂಲೆಯಲ್ಲಿ ಟ್ರಕ್ಕನ್ನು ಬಂದ ದಾರಿಗೇ ತಿರುಗಿಸಿದ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಅವಳಿಗೆ.

"ತಪ್ಪು ನಂದೇ, ರಾಲಿ. ಆಫೀಸಲ್ಲಿ ನನ್ನ ಹೆಸರೇ ಹೇಳು," ಎಂದಳು.

"ಮೊದಲು ಬೆಲ್ಟ್ ಹಾಕ್ಕೊಳ್ಳಿ."

ಸ್ವೊಬೊಡ ಅವರ ಬೀದಿಗೆ ತಿರುಗುತ್ತಿದ್ದಂತೆ ಆ ಮನೆಯ ಹಿಂದಿನಿಂದ ಹೊಗೆ ಏಳುತ್ತಿರುವುದು ಕಂಡಿತು. ಟ್ರಕ್ ಪೂರ್ತಿ ನಿಲ್ಲುವ ಮುನ್ನವೇ ಅವಳು ಇಳಿದಳು. ಮಂಜುಗಡ್ಡೆಯ ಮೇಲೆ ಜಾರಿ ಬೇಲಿ ಹಿಡಿದುಕೊಂಡು ಹಿತ್ತಲಿಗೆ ಬಂದಳು.

ಓವರ್‌ಕೋಟಿನ ಕೆಳಗೆ ಮನೆಚಪ್ಪಲಿ ಹಾಕಿದ್ದ ಮುದುಕರೊಬ್ಬರು, ಸ್ವೊಬೊಡ ಅವರೇ, ಗ್ರಿಲ್ ಮುಂದೆ ಇಕ್ಕಳ ಹಿಡಿದು ನಿಂತಿದ್ದರು. ಮುಚ್ಚಳ ತೆರೆದಿತ್ತು, ಸಾಸೇಜ್ ಚಟಗುಟ್ಟುತ್ತಿತ್ತು. "ಪೆಟ್ಟಿಗೆ..." ಎಂದಷ್ಟೇ ಹೇಳಿದಳು.

ಮುದುಕರು ಇಕ್ಕಳದಿಂದ ಅಡುಗೆಮನೆಯ ಕಿಟಕಿ ತೋರಿಸಿದರು. ಗಾಜಿನ ಆಚೆ, ಮೇಜಿನ ಮೇಲೆ, ಕಂದು ಕಾಗದದ ಪೆಟ್ಟಿಗೆ ಕುಳಿತಿತ್ತು. ತಳದಲ್ಲಿ ಗ್ರಿಲ್‌ನ ಕಂಬಿಗಳ ಕಪ್ಪು ಗೆರೆ ಬಿಟ್ಟರೆ ಏನೂ ಆಗಿರಲಿಲ್ಲ.

ಅದು ನೆಬ್ರಾಸ್ಕದಲ್ಲಿರುವ ಅವರ ಅಮ್ಮ ಕಳಿಸಿದ್ದಂತೆ. ತೊಂಬತ್ತೆರಡು ವರ್ಷದ ಆಕೆ ಮೂರು ವರ್ಷದಿಂದ ತಮ್ಮ ಕ್ರಿಸ್‌ಮಸ್ ಮರದ ಗಾಜಿನ ಹಕ್ಕಿಗಳನ್ನು ಮಕ್ಕಳಿಗೆ ಒಂದೊಂದಾಗಿ ಕಳಿಸುತ್ತಿದ್ದಾರೆ. ಇದು ಕೊನೆಯದು. ಇಷ್ಟು ಹೇಳಿ ಅವರು ಸಾಸೇಜ್ ಮಗುಚಿದರು.

"ಚೀಟಿ ಇರ್ಲಿಲ್ವಲ್ಲ, ನಿಮಗೆ ಹ್ಯಾಗೆ ಗೊತ್ತಾಯ್ತು?" ಎಂದು ಅವಳು ಕೇಳಿದಳು.

ಅವರು ಅವಳ ಬೆನ್ನ ಹಿಂದೆ ನೋಡಿದರು. ರಾಲಿ ಟೋಪಿ ಕೈಯಲ್ಲಿ ಹಿಡಿದು ಬೇಲಿಯ ಬಳಿ ನಿಂತಿದ್ದ. "ಇವನು ಕೆಲಸಕ್ಕೆ ಸೇರಿದ ವರ್ಷ ಇದರೊಳಗೆ ಬಚ್ಚಿಟ್ಟ ನನ್ನ ಹೊಸ ಬೂಟು ಬೆಂದೇ ಹೋದ್ವು. ಅವತ್ತಿಂದ ಡಿಸೆಂಬರಲ್ಲಿ ಇಣುಕಿ ನೋಡ್ದೆ ಗ್ಯಾಸ್ ಹೊತ್ಸಲ್ಲ."

"ಆಫೀಸಿಗೆ ನೀವು ಹೇಳ್ಲಿಲ್ಲ," ಎಂದ ರಾಲಿ.

"ಹೆಂಗೂ ಆ ಬೂಟು ಕಾಲಿಗೆ ಬಿಗಿ ಇದ್ವು ಕಣೋ."

ಬ್ರೆಡ್ಡಿನಲ್ಲಿಟ್ಟ ಎರಡು ಸಾಸೇಜ್ ಕಾಗದದಲ್ಲಿ ಸುತ್ತಿ ಕೊಟ್ಟರು. ಟ್ರಕ್ಕಿನಲ್ಲಿ ಅವಳು ತನ್ನ ಪೊಟ್ಟಣವನ್ನು ಬಿಚ್ಚದೆ ಮಡಿಲಲ್ಲಿಟ್ಟುಕೊಂಡಳು. ಬೂಟಿನ ವಿಷಯ ಮೊದಲೇ ಹೇಳಬಾರದಿತ್ತೇ ಎಂದು ಕೇಳಿದ್ದಕ್ಕೆ ರಾಲಿ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಹೇಳಿದ: "ನಿಮ್ಮ ಮುಂದೆ ಹೇಳೋಕೆ ನಾಚಿಕೆ ಆಯ್ತು."

ಮುಂದಿನ ಮನೆಯಲ್ಲಿ ಆರ್ಲೀನ್ ಪೆಟ್ಟಿಗೆಯನ್ನು ಹೂಕುಂಡದ ಹಿಂದಿಟ್ಟು, ಬಾಗಿಲಿಗೆ ಚೀಟಿ ಅಂಟಿಸಿದಳು. ಮೆಟ್ಟಿಲಿಳಿದವಳು ಮತ್ತೆ ಹತ್ತಿ ಹೋಗಿ ಚೀಟಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ಟ್ರಕ್ಕಿನಲ್ಲಿ ರಾಲಿ ಕಾದ. ಹಾರನ್ ಬಾರಿಸಲಿಲ್ಲ.