ಐದನೇ ರೀಲಿನ ಟಗರು

ಪ್ರೊಜೆಕ್ಟರಿನ ಕಾರ್ಬನ್ ಕಡ್ಡಿ ಉರಿಯುವ ವಾಸನೆ ಮೂಗಿಗೆ ಬಡಿಯಿತು, ನಾಲ್ಕನೇ ರೀಲು ಓಡುತ್ತಿದೆ, ಇನ್ನು ಏಳು ನಿಮಿಷ, ಏಳೇ ನಿಮಿಷ, ಆಮೇಲೆ ಐದನೆಯದು — ಅದು ಆಪರೇಟರ್ ಮಲ್ಲಾರಿಯ ಮುಂದೆ ಮೇಜಿನ ಮೇಲಿದೆ, ಪಕ್ಕದಲ್ಲಿ ಕತ್ತರಿ. ಕೆಳಗೆ ಇಚಲಕರಂಜಿಯ ದೊಡ್ಡವರೆಲ್ಲ, ಮೊದಲ ಸಾಲಿನಲ್ಲಿ ಸನ್ಮಾನದ ಶಾಲು ಹೊದ್ದ ಡೈರೆಕ್ಟರ್ ಬಾಬಾಸಾಹೇಬ. ಆಟಕ್ಕೆ ಮೊದಲು ಕೊಲ್ಹಾಪುರದ ಪ್ರೊಫೆಸರರ ಭಾಷಣ, ಸೆನ್ಸಾರಿನವರು ಐದನೇ ರೀಲಿನ ಆ ರಕ್ತ ತೆಗೀರಿ ಅಂದ್ರು, ಇವರು ಕೋರ್ಟಿಗೆ ಹೋಗಿ ಗೆದ್ದು ಬಂದಾರ, ಕೊಯ್ಯೂ ಮೊದಲ ಆ ಟಗರು ನೋಡೂ ನೋಟ ನೋಡ್ರಿ, ಎಂಥಾ ನಂಬಿಗಿ, ಅದು ಹಿಂಸಾ ಅಲ್ರಿ, ಕಲಾ — ಚಪ್ಪಾಳೆ, ಕಲೆಯಂತೆ, ಸುಟ್ಟು ಬರಲಿ ಆ ಕಲೆ. ಎಪ್ಪತ್ತಾರರ ಬೇಸಿಗೆ, ಗಡಹಿಂಗ್ಲಜದಾಚೆ ಬೋಳು ಹೊಲದಲ್ಲಿ ಶೂಟಿಂಗು, ಮಲ್ಲಾರಿಯ ಅವ್ವ ಹಾಲಸಿದ್ದ ದೇವರಿಗೆ ಬಿಟ್ಟ ಟಗರು, ಹುಟ್ಟಿದಾಗಿನಿಂದ ಉಣ್ಣೆಗೆ ಕತ್ತರಿ ಮುಟ್ಟಿಸಿಲ್ಲ, ದೇವರದಕ್ಕೆ ಕಬ್ಬಿಣ ತಾಗಬಾರದು, ನಡೆದರೆ ಉಣ್ಣೆ ನೆಲ ಗುಡಿಸುತ್ತಿತ್ತು. ಕೊಡಬ್ಯಾಡೋ ಮಲ್ಲಾರಿ, ಸಿನಿಮಾದವರ ಮಾತು ಗಾಳಿ ಇದ್ದಂಗ, ಅಂದಿದ್ದಳು ಅವ್ವ. ಏ ಮಾಯವ್ವ, ಕೆಂಪು ಬಣ್ಣ ಹಚ್ಚತೀವಿ ಅಷ್ಟ, ಸಂಜೀಕ ತೊಳದು ಕೊಡತೀವಿ, ದೇವಾಶಪಥ — ನಕ್ಕಿದ್ದ ಬಾಬಾಸಾಹೇಬ, ಆ ನಗು. ಸಂಜೆ ತೊಳೆದು ಕೊಟ್ಟದ್ದು ಕೊರಳ ಗಂಟೆಯನ್ನಷ್ಟೇ. ಅವ್ವ ಸಾಯುವ ತನಕ ಮಗನ ಜೊತೆ ಮಾತಾಡಲಿಲ್ಲ. ಕುರಿ ಬಿಟ್ಟು ಟಾಕೀಜು ಸೇರಿದವನ ಕೈಗೇ ಈ ರೀಲಿನ ಡಬ್ಬಿ ಬಂದಿದೆ, ಹಾಲಸಿದ್ದನೇ ಕಳಿಸಿದ್ದಾನೆ, ಇಂದು ಆ ನೋಟವನ್ನೇ ಕತ್ತರಿಸಿ ತೆಗೆದರೆ, ಬಾಬಾಸಾಹೇಬ ಕೋರ್ಟಿನಲ್ಲಿ ಗೆದ್ದದ್ದನ್ನೇ ತೆಗೆದರೆ, ಎಲ್ಲರೂ ಕಾದು ಕೂತಾಗ ಏನೂ ಇಲ್ಲ, ಆ ಮುಖ ಹಿಂದಕ್ಕೆ ತಿರುಗಿ ಶಾಲಿನೊಳಗೆ ಕರ್ರಗಾಗಲಿ, ನೋಡಬೇಕು ಅದನ್ನು, ಕಿಂಡಿಯಿಂದ ಕಣ್ತುಂಬ ನೋಡಬೇಕು.

ಫಿಲ್ಮು ಬೆರಳಲ್ಲಿ ಸರಿಯುತ್ತಿದೆ, ಹೊಲ, ಹೊಲ, ಮನುಷ್ಯ, ಕತ್ತಿ, ಇದೋ ಟಗರು — ಬಲ್ಬಿಗೆ ಹಿಡಿದ, ಚೌಕದಿಂದ ಚೌಕಕ್ಕೆ ಕೂದಲೆಳೆಯಷ್ಟು ಕೊರಳು ತಿರುಗಿಸುತ್ತಿದೆ, ಕ್ಯಾಮೆರಾದ ಕಡೆಗಲ್ಲ, ಅದರ ಪಕ್ಕಕ್ಕೆ. ಅಂದು ಪಕ್ಕದಲ್ಲಿ ನಿಂತಿದ್ದವನು ಮಲ್ಲಾರಿಯೇ. ಬ್ಯಾರೇ ಯಾರು ಕರದ್ರೂ ಬರವಲ್ದು, ನೀನ ಕರಿಯೋ ಮಲ್ಲಾರಿ, ಅಂದಿದ್ದ ಬಾಬಾಸಾಹೇಬ, ಇವನು ಕರೆದಿದ್ದ, ಬಾ ನನ್ನಪ್ಪ, ಬಾ. ಪ್ರೊಫೆಸರ್ ಸುಳ್ಳು ಹೇಳಿಲ್ಲ, ನಂಬಿಕೆಯೇ ಅದು, ಹಾಳಾಗಲಿ, ಚೆಂದ ಇದೆ, ಉಳಿದಿರುವ ಪ್ರಿಂಟು ಇದೊಂದೇ, ಇದನ್ನು ಕತ್ತರಿಸಿದರೆ ಅದು ಇನ್ನೆಲ್ಲೂ ಇಲ್ಲ. ಕತ್ತರಿ ಬಾಯಿ ತೆರೆದಿದೆ, ಅಲಗು ಸರಿಯಾಗಿ ಉಣ್ಣೆಯ ಮೇಲೆ, ಕಬ್ಬಿಣ ತಾಗಬಾರದು, ಈಗ ತಾಗಿಸುವವನು ಯಾರು — ಪಟಪಟ ಸದ್ದು, ನಾಲ್ಕನೇ ರೀಲಿನ ಬಾಲ ಖಾಲಿ ಚಕ್ರದಲ್ಲಿ ಬಡಿಯುತ್ತಿದೆ, ಪರದೆ ಬೆಳ್ಳಗೆ, ಶಿಳ್ಳೆ, ಏ ಆಪರೇಟರ್, ನಿದ್ದಿ ಹತ್ತೇತೇನೋ, ಬಾಬಾಸಾಹೇಬನ ದನಿ ಎಲ್ಲಕ್ಕಿಂತ ಮೇಲೆ, ಐದನೇದ್ದು ಹಾಕೋ ಮಗನ, ಐದನೇದ್ದು, ಹಾಕಬೇಕು, ಇಲ್ಲ ಕತ್ತರಿಸಬೇಕು, ಕೈ ಎರಡನ್ನೂ ಮಾಡದು, ಚೌಕದೊಳಗೆ ಟಗರು ಕೊರಳು ತಿರುಗಿಸಿ ಅವನನ್ನು ನೋಡುತ್ತಿದೆ, ಕರೆದವನನ್ನು, ನೋಡುತ್ತಿದೆ —